ಬೋರ್ಡಿನ ಕೆಳಗಿನ ಸಾಲು

ಮಸಾಲೆ ಕಂಪನಿಯವರ ಡ್ರಾದಲ್ಲಿ ನನ್ನ ಚೀಟಿ ಎದ್ದಿತು.
ಫ್ರಾನ್ಸು, ಮೂರು ಊರು, ಎಂಟು ದಿನ, ಬರೀ ಉಣ್ಣೋದು.
ಇಬ್ಬರಿಗೆ.
ನಮ್ಮ ಯಜಮಾನರಿಗೆ ಭದ್ರಾವತಿ ಬಸ್ಸಿನಲ್ಲೇ ಹೊಟ್ಟೆ ತೊಳಸುತ್ತೆ.
ನೂರ್‌ಜಾನಳಿಗೆ ಹೇಳಿದೆ: ನಡಿಯೇ, ಪಾಸ್‌ಪೋರ್ಟ್ ಮಾಡಿಸು.

ಹತ್ತೊಂಬತ್ತು ವರ್ಷದಿಂದ ನನ್ನ ಮೆಸ್ಸಿಗೆ
ಬೋಟಿ ತೊಳೆದು ಕೊಡುವವಳು.
ಇಮಾಂಬಾಡದಿಂದ ಬೆಳಗಿನ ಜಾವ ಬಕೆಟ್ಟು ಹಿಡಿದು ಬಂದು
ಹಿಂದಿನ ಬಾಗಿಲಲ್ಲೇ ಇಟ್ಟು ಹೋಗುವವಳು.
ಬೋಟಿಯೂ ಹಾಗೇ, ಹಿಂದಿನ ಬಾಗಿಲಿನದು.
ಬೋರ್ಡಿನಲ್ಲಿ ಬರೆಯುವುದಿಲ್ಲ; ಕೇಳಿದವರಿಗೆ ಮಾತ್ರ,
ಮೆಲ್ಲಗೆ ಕೇಳಿದವರಿಗೆ.

ಮಾರ್ಸೇಯಲ್ಲಿ ಸಾರು ಮೊದಲು, ಮೀನು ಆಮೇಲೆ.
ಜೊತೆಯಲ್ಲೇ ಬಡಿಸಿದರೆ ಏನು ಗಂಟು ಹೋಗುತ್ತಿತ್ತೋ!
ಬಿಲ್ಲು ನೋಡಿ ಬೆರಳು ಮಡಿಚಿದೆ:
ಒಬ್ಬಳ ಊಟಕ್ಕೆ ನಮ್ಮಲ್ಲಿ ನಲವತ್ತು ಜನ ಕೈ ತೊಳೆದು ಏಳಬಹುದು.

ದಿಜೋನಿನಲ್ಲಿ ಸಾಸಿವೆ.
ಅಂಗಡಿ ತುಂಬ ಅದೇ, ನಲ್ಲಿ ತಿರುವಿದರೂ ಅದೇ.
ಕಡ್ಡಿಯಂಥ ಮರದ ಚಮಚದಲ್ಲಿ ನೆಕ್ಕಿಸಿದರು,
ಸರ್ರನೆ ಮೂಗಿಗೆ ಏರಿತು.
ನೂರ್‌ಜಾನ್ ಸೆರಗಲ್ಲಿ ಕಣ್ಣೊರೆಸಿಕೊಂಡು ಅಂದಳು:
"ಒಗ್ಗರಣೆಗೆ ಹಾಕದೆ ಹಾಗೇ ಕೂರಿಸಿದ್ದಾರೆ ಅಕ್ಕಾ,
ಅದಕ್ಕೇ ಇದಕ್ಕೆ ಇಷ್ಟು ಸಿಟ್ಟು."

ಲಿಯೋನಿನಲ್ಲಿ ಎರಡು ಹೊಳೆ ಬಂದು ಒಂದಾಗುತ್ತವೆ.
"ಕೂಡ್ಲಿ!" ಅಂದೆವು, ಇಬ್ಬರೂ ಒಟ್ಟಿಗೆ.
ಗುಡಿ ಇಲ್ಲ, ಮಂಡಕ್ಕಿ ಇಲ್ಲ.
ಸಂಗಮದ ಮೂತಿಯಲ್ಲಿ ಒಬ್ಬ ಹುಡುಗ ಕೂತು
ಶೂಸಿನೊಳಗಿನ ಮರಳು ಕೊಡವುತ್ತಿದ್ದ.

ಗೈಡ್ ಹುಡುಗಿ ಹೇಳಿದಳು:
ಈ ಊರಲ್ಲಿ ಖಾನಾವಳಿ ನಡೆಸಿದ ಹೆಂಗಸರಿಗೆ
ಹಿಂದೆ 'ತಾಯಿ' ಅಂತಲೇ ಹೆಸರು.
ನಾನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ.
ಕೆಂಪು ಚೌಕುಳಿಯ ಮೇಜುಬಟ್ಟೆ, ಪಿಂಗಾಣಿ ತಟ್ಟೆ.
ತಟ್ಟೆಯಲ್ಲಿ ರೊಟ್ಟಿಪುಡಿ ಹೊದಿಸಿ ಕರಿದ ಒಂದು ತುಂಡು.
ಕೊಯ್ದೆ. ಒಳಗೆ ಜೇನುಗೂಡು.
ಬೋಟಿ!
ಹಾಡಹಗಲು, ಮುಂದಿನ ಬಾಗಿಲಲ್ಲಿ,
ಕೋಟು ಹಾಕಿದವರು ಜೋರಾಗಿ ಹೆಸರು ಹೇಳಿ ತರಿಸಿಕೊಂಡು ತಿನ್ನುತ್ತಿದ್ದಾರೆ.

ಯಾವ ಪ್ರಾಣಿಯದು ಅಂತ ನಾನು ಕೇಳಲಿಲ್ಲ.
ಉಪ್ಪು ಸಾಲದು, ಖಾರ ಇಲ್ಲವೇ ಇಲ್ಲ.
ನೂರ್‌ಜಾನ್ ಮುಟ್ಟಲಿಲ್ಲ. ಹಲಾಲ್ ಅಲ್ಲ,
ಬೇಳೆ ಮತ್ತು ಬ್ರೆಡ್ಡಿನಲ್ಲೇ ಅವಳ ಫ್ರಾನ್ಸು ಮುಗಿಯುತ್ತಿತ್ತು.
ಆದರೆ ನನ್ನ ತಟ್ಟೆಗೆ ಮೂಗು ತಂದಳು
ಉತ್ತರಪತ್ರಿಕೆ ತಿದ್ದುವ ಮೇಷ್ಟ್ರ ಹಾಗೆ.
"ಚೆನ್ನಾಗಿ ತೊಳೆದಿದ್ದಾರೆ. ಯಾರಂತೆ, ಕೇಳು."

ಬಿಳಿ ಟೊಪ್ಪಿಯವನು ಬಂದ.
ಅವನ ಉಗುರು ನೋಡಿ, "ಇವನಲ್ಲ" ಅಂದಳು.
ಅಲ್ಲವೇ ಅಲ್ಲ: ಮಾರ್ಕೆಟ್ಟಿನಿಂದ ತೊಳೆದೇ ಬರುತ್ತದಂತೆ.

ಮರುದಿನ ಎಲ್ಲರೂ ಚಾಕೊಲೇಟು ನೋಡಲು ಹೋದರು.
ನಾವು ಹೋಗಲಿಲ್ಲ.

ಮಾರ್ಕೆಟ್ಟಿನ ಕೊನೆಯ ಕಟ್ಟೆಯಲ್ಲಿ ಒಬ್ಬಳು, ರಬ್ಬರ್ ಏಪ್ರನ್ನು,
ವಯಸ್ಸು ನಮ್ಮದೇ. ಮಾತು ಬಾರದು.
ನೂರ್‌ಜಾನ್ ಗಾಳಿಯಲ್ಲಿ ಚಾಕು ಹಿಡಿದು ಕೆರೆದು ತೋರಿಸಿದಳು.
ಅವಳು ತಲೆ ಆಡಿಸಿ, ಹೀಗಲ್ಲ, ಹೀಗೆ, ಎಂದು ಕೈ ತಿರುವಿದಳು.
ಎಡಗೈ ಹೆಬ್ಬೆರಳಿನ ಹಳೆಯ ಕೊಯ್ತ ತೋರಿಸಿದಳು.
ಇವಳೂ ತನ್ನದನ್ನು ತೋರಿಸಿದಳು.
ಅದೇ ಬೆರಳು. ಅದೇ ಗೆಣ್ಣಿನ ಕೆಳಗೆ.
ಕಟ್ಟೆಯಾಚೆ ಈಚೆ ನಿಂತು ಇಬ್ಬರೂ ನಕ್ಕದ್ದು
ನನಗೆ ಪೂರ್ತಿ ಅರ್ಥವಾಗಲಿಲ್ಲ.
ಹತ್ತೊಂಬತ್ತು ವರ್ಷದಲ್ಲಿ ಆ ಬೆರಳನ್ನು
ನಾನು ನೋಡಿದ್ದು ಅವತ್ತೇ.

ವಾಪಸು ಬಂದ ಸೋಮವಾರ
ಬೋರ್ಡಿನ ಕೆಳಗೆ ಸುಣ್ಣದ ಕಡ್ಡಿಯಲ್ಲಿ ಬರೆದೆ:
ಬೋಟಿ ಗೊಜ್ಜು. ತೊಳೆದವರು: ನೂರ್‌ಜಾನ್.
ಅವಳು ಬಕೆಟ್ಟು ಇಟ್ಟು, ಮುಂದಿನ ಬಾಗಿಲಿಗೆ ಬಂದು,
ಓದಿಸಿಕೊಂಡು, ಒದ್ದೆ ಕೈಯಲ್ಲಿ ಹೆಸರು ಒರೆಸಿದಳು.

"ಹೆಸರು ಯಾಕೆ ಹಾಲಮ್ಮಕ್ಕ?
ಕೇಜಿಗೆ ಹತ್ತು ರೂಪಾಯಿ ಜಾಸ್ತಿ ಮಾಡು."

ಮಾಡಿದೆ.
ಬೋರ್ಡಿನಲ್ಲಿ ಇನ್ನೂ ಒರೆಸಿದ ಗುರುತು ಇದೆ.
ಗಿರಾಕಿಗಳು ಕೇಳುತ್ತಾರೆ, ಅಲ್ಲಿ ಏನಿತ್ತು, ಖಾಲಿಯಾಯಿತಾ ಎಂದು.